ಬಿಜ್ಲಿಗೆ ಗೊತ್ತಿರುವ ‘ಕುಂಡ್ರು’

ಮುಂಜಾನೆ ಆರೂವರೆ. ಮುಧೋಳ ತಾಲ್ಲೂಕಿನ ಒಂದು ತೋಟದ ಮನೆ. ಘಟಪ್ರಭೆಯ ಕಡೆಯಿಂದ ಬರುವ ಗಾಳಿಯಲ್ಲಿ ಇನ್ನೂ ಚಳಿ ಇದೆ. ಕಬ್ಬು ಹೇರಿದ ಟ್ರ್ಯಾಕ್ಟರೊಂದು ಏದುಸಿರು ಬಿಡುತ್ತ ಕಾರ್ಖಾನೆಯ ಹಾದಿ ಹಿಡಿದಿದೆ. ಅಂಗಳದ ಫರಸಿಯ ಮೇಲೆ ನಾಲ್ಕು ಮಡಿಕೆಯ ಹಳೇ ಕೌದಿ, ಕೌದಿಯ ಮೇಲೆ ಬಿಜ್ಲಿ. ಏಳು ತಿಂಗಳ ಮುಧೋಳ ಹೆಣ್ಣುನಾಯಿ. ಒಳಗೆ ಎಳೆದುಕೊಂಡ ಹೊಟ್ಟೆ, ನೀಳ ಮೂತಿ, ಕೈಯಾಡಿಸಿದರೆ ಎಣಿಕೆಗೆ ಸಿಗುವ ಬೆನ್ನುಮೂಳೆ. ನನ್ನ ಬಲಮುಷ್ಟಿಯಲ್ಲಿ ಬೇಯಿಸಿದ ಕೋಳಿಯ ಚೂರುಗಳಿವೆ, ಒಂದೊಂದೂ ಕಡಲೆಕಾಳಿನಷ್ಟು. ಅದು ಅವಳಿಗೆ ಗೊತ್ತು. ಮೂಗು ಅಲುಗುತ್ತಿದೆ.

“ಕುಂಡ್ರು.”

ಹಿಂಗಾಲು ಮಡಚುತ್ತವೆ, ಬಾಲ ಒಂದು ಕಡೆ ಸರಿಯುತ್ತದೆ, ಕೂರುತ್ತಾಳೆ. “ಹಾಂ!” ಅನ್ನುತ್ತೇನೆ, ಚೂರು ಬಾಯಿಗೆ ಹೋಗುತ್ತದೆ. ಕಟ್ಟೆಯ ಮೇಲೆ ಚಹಾ ಕುಡಿಯುತ್ತಿರುವ ಕಾಕಾ ತಲೆದೂಗುತ್ತಾರೆ. “ಕಲತೈತಿ ಬಿಡ ಯವ್ವಾ.”

ಕಲಿತಿದ್ದಾಳೆಯೇ? ಎರಡು ಹೆಜ್ಜೆ ಇಟ್ಟು ಅವಳ ಎಡಮಗ್ಗುಲಿಗೆ ಹೋಗಿ ನಿಲ್ಲುತ್ತೇನೆ. ಅವಳು ಎದ್ದು ನನ್ನತ್ತ ನೋಡುತ್ತಾಳೆ. ಅದೇ ದನಿ, ಅದೇ ಮಾತು: “ಕುಂಡ್ರು.” ಕೂರುವುದಿಲ್ಲ. ಕಿವಿ ಹಿಂದಕ್ಕೆ ಹೋಗಿದೆ, ನಾಲಿಗೆ ಒಮ್ಮೆ ಮೂಗು ಸವರಿ ಒಳಗೆ ಸೇರಿದೆ. ಮೆಲ್ಲಗೆ ಸುತ್ತಿ ಬಂದು ನನ್ನ ಎದುರಿಗೆ ನಿಲ್ಲುತ್ತಾಳೆ, ಈಗ ಹೇಳು ಎಂಬಂತೆ.

“ಹಟಮಾರಿ,” ಎನ್ನುತ್ತಾರೆ ಕಾಕಾ.

ಹಟವಲ್ಲ. ನಾಯಿ ಸಾಕುವ ಮನೆಗಳಲ್ಲಿ ಈ ಒಂದು ಮಾತಿನಿಂದ ಆಗುವ ಅನ್ಯಾಯ ನೋಡಿ ನೋಡಿ ನನಗೆ ಸಂಕಟವಾಗಿದೆ. ನಾವು ಕಲಿಸಿದ್ದು ಒಂದು ಮಾತು ಅಂದುಕೊಳ್ಳುತ್ತೇವೆ. ಅವಳು ಕಲಿತಿರುವುದು ಒಂದು ಇಡೀ ನೋಟ: ಎದುರಿಗೆ ನಿಂತ ನಾನು, ತುಸು ಬಾಗಿದ ನನ್ನ ಕುತ್ತಿಗೆ, ಮೇಲೇಳುವ ಕೈ, ಕಾಲಡಿಯ ಕೌದಿ. ‘ಕುಂಡ್ರು’ ಎಂಬ ಸದ್ದು ಆ ನೇಯ್ಗೆಯಲ್ಲಿ ಒಂದು ಎಳೆ ಮಾತ್ರ. ಶತಮಾನದ ಹಿಂದೆ ಬರ್ಲಿನ್‌ನಲ್ಲಿ ಹಾನ್ಸ್ ಎಂಬ ಕುದುರೆ ಲೆಕ್ಕ ಬಿಡಿಸುತ್ತದೆಂದು ಜನ ಬೆರಗಾಗಿದ್ದರು. ಉತ್ತರದಷ್ಟು ಸಲ ಗೊರಸು ಬಡಿಯುತ್ತಿತ್ತು. ಪ್ರಶ್ನೆ ಕೇಳುವವರಿಗೇ ಉತ್ತರ ತಿಳಿಯದಿದ್ದಾಗ, ಇಲ್ಲವೇ ಅವರು ಕಣ್ಣಿಗೆ ಕಾಣದಿದ್ದಾಗ ಕುದುರೆ ತಪ್ಪುತ್ತದೆಂದು ಮನಶ್ಶಾಸ್ತ್ರಜ್ಞ ಆಸ್ಕರ್ ಫುಂಗ್‌ಸ್ಟ್ 1907ರಲ್ಲಿ ತೋರಿಸಿಕೊಟ್ಟರು. ಸರಿಯಾದ ಎಣಿಕೆ ಬಂದಾಗ ಕೇಳುವವರ ತಲೆ ಕೂದಲೆಳೆಯಷ್ಟು ಅಲುಗುತ್ತಿತ್ತು. ಹಾನ್ಸ್ ಓದುತ್ತಿದ್ದದ್ದು ಅದನ್ನು. ಬಿಜ್ಲಿಯೂ ಓದುತ್ತಿರುವುದು ನನ್ನ ಮೈಯನ್ನೇ.

ಹಾಗಾದರೆ ಒಂದೊಂದೇ ಎಳೆ ಬದಲಿಸಬೇಕು. ಪೂರಾ ಮಗ್ಗುಲಿಗೆ ಹೋಗುವುದಿಲ್ಲ. ಎದುರಿನಿಂದ ಒಂದೇ ಹೆಜ್ಜೆ ಎಡಕ್ಕೆ. “ಕುಂಡ್ರು.” ಕೂರುತ್ತಾಳೆ. “ಹಾಂ!” ಇನ್ನರ್ಧ ಹೆಜ್ಜೆ. ಕೂರುತ್ತಾಳೆ. ಇನ್ನರ್ಧ. ತಡವರಿಸುತ್ತಾಳೆ. ಚೂರು ಹಿಡಿದ ಕೈಯನ್ನು ಮೂಗಿನ ಮುಂದಿನಿಂದ ತಲೆಯ ಮೇಲಕ್ಕೆ ಒಯ್ಯುತ್ತೇನೆ. ಮೂತಿ ಮೇಲೇರುತ್ತದೆ, ಹಿಂಭಾಗ ತಾನಾಗಿ ಇಳಿಯುತ್ತದೆ. ಸೊಂಟ ಅದುಮಿ ಕೂರಿಸುವ ರೂಢಿ ಬಹಳ ಕಡೆ ಇದೆ. ಈ ತಳಿಗಂತೂ ಅದು ಸಲ್ಲದು. ಓಟಕ್ಕೆಂದೇ ರೂಪುಗೊಂಡ ಉದ್ದ ತೊಡೆ, ಕೊಬ್ಬಿಲ್ಲದ ಪೃಷ್ಠ. ಗಟ್ಟಿ ನೆಲದಲ್ಲಿ ಕೂರುವುದೇ ಅವಕ್ಕೆ ಒಗ್ಗದು. ಕೌದಿ ಹಾಸಿದ್ದು ಅದಕ್ಕೇ.

ಕಾಕಾ ಲೋಟ ಕೆಳಗಿಡುತ್ತಾರೆ. “ತಿಮ್ಮಾಪುರದ ನಾಯಿ ಕೇಂದ್ರದಿಂದ ಮಿಲಿಟರಿಯವ್ರು ಮರಿ ಒಯ್ದು ಮೀರತ್‌ನಾಗ ತಯಾರ ಮಾಡ್ಯಾರ. ಅವಕ್ಕೂ ಇಷ್ಟ ಚೂರಚೂರ ಕಲಿಸಬೇಕೇನು?”

“ಬುನಾದಿ ಎಲ್ಲಾಕೂ ಇದ ಕಾಕಾ. ಕುಂಡ್ರು, ಮಕ್ಕೋ, ಏಳು, ಬಾ.”

‘ಏಳು’ ಎಂಬ ಮಾತಿಗೆ ಬಂದದ್ದು ಎರಡನೇ ವಾರದಲ್ಲಿ. ಮೊದಲು ‘ನಿಂದ್ರು’ ಅನ್ನುತ್ತಿದ್ದೆ. ಕುಂಡ್ರು, ನಿಂದ್ರು: ಎರಡರ ಬಾಲವೂ ಒಂದೇ. ದೂರದಿಂದ ಕೇಳಿದಾಗ ಬಿಜ್ಲಿ ಅರ್ಧ ಕೂತು ಅರ್ಧ ಎದ್ದು ಕಂಗಾಲಾಗುತ್ತಿದ್ದಳು. ಬೆಂಗಳೂರು, ಮೈಸೂರಿನ ಮನೆಗಳಲ್ಲಿ ‘ಕೂತ್ಕೋ, ಮಲ್ಕೋ’ ಅನ್ನುವವರಿಗೂ ಇದೇ ತೊಡಕು. ನಾಯಿಗೆ ಹೇಳುವ ಮಾತುಗಳು ಒಂದಕ್ಕೊಂದು ಪ್ರಾಸ ಹೊಂದಬಾರದು.

ಈಗ ಅವಳ ಭಂಗಿಯ ಸರದಿ. ಕೂರುವುದು, ಮಲಗುವುದು, ನಿಲ್ಲುವುದು: ಭಂಗಿ ಮೂರು, ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿ ಆರು. ಆರನ್ನೂ ಬೇರೆಬೇರೆಯಾಗಿ ಕಲಿಸಬೇಕು. ನಿಂತಲ್ಲಿಂದ ಕೂರುವ ನಾಯಿಗೆ ಮಲಗಿದಲ್ಲಿಂದ ಕೂರುವುದು ಹೊಸ ಕೆಲಸವೇ. ಅಲ್ಲಿ ಹಿಂಗಾಲು ಮಡಚಬೇಕು. ಇಲ್ಲಿ ಹಿಂಭಾಗ ನೆಲದಲ್ಲೇ ಇದ್ದು ಮುಂಗಾಲು ಮೇಲೇಳಬೇಕು.

“ಮಕ್ಕೋ.” ಮೊಣಕೈ ಊರಿ ಮಲಗುತ್ತಾಳೆ. “ಕುಂಡ್ರು.” ಬಾಲ ಫರಸಿಗೆ ಎರಡು ಸಲ ಬಡಿಯುತ್ತದೆ, ಅಷ್ಟೇ. ಮತ್ತೆ ಹೇಳುವುದಿಲ್ಲ, ಹತ್ತು ಸಲ ಹೇಳಿದರೆ ಮಾತು ಗಾಳಿಯಲ್ಲಿನ ಸದ್ದಾಗಿ ಹೋಗುತ್ತದೆ. ಚೂರನ್ನು ಮೂಗಿಗೆ ತಾಗಿಸಿ ನಿಧಾನವಾಗಿ ಮೇಲಕ್ಕೆ, ತುಸು ಹಿಂದಕ್ಕೆ. ಕುತ್ತಿಗೆ ನೀಳವಾಗುತ್ತದೆ. ಎದೆ ಕೌದಿಯಿಂದ ಬಿಡುತ್ತದೆ. ಎಡ ಮೊಣಕೈ ಮೇಲೆದ್ದಿತು. “ಹಾಂ!” ಪೂರ್ತಿ ಕೂತಿಲ್ಲ, ಆದರೂ ಚೂರು ಅವಳದೇ. ಆ ‘ಹಾಂ’ ಸರಿಯಾದ ಕ್ಷಣಕ್ಕೆ ಬೀಳಬೇಕು. ತಡವಾದರೆ ಅವಳು ಅಷ್ಟರಲ್ಲಿ ಮಾಡಿದ ಬೇರೇನನ್ನೋ ಹೊಗಳಿದಂತಾಗುತ್ತದೆ. ಇನ್ನೊಮ್ಮೆ. ಎರಡೂ ಮೊಣಕೈ. ಇನ್ನೊಮ್ಮೆ. ಮುಂಗಾಲು ನೆಟ್ಟಗಾದವು, ಬಿಜ್ಲಿ ಕೂತಳು! ಮೂರು ಚೂರು ಒಟ್ಟಿಗೆ ಕೊಡುತ್ತೇನೆ. ಮಲಗಿದಲ್ಲಿಂದ ಅವಳು ಎದ್ದು ಕೂತದ್ದು ಇದೇ ಮೊದಲು. ನನ್ನ ಕೈ ಸಣ್ಣಗೆ ನಡುಗುತ್ತಿದೆ.

ಒಂದೇ ಸಾಲಿನಲ್ಲಿ ಹೇಳುತ್ತ ಹೋಗಬಾರದು. ನಿನ್ನೆ ‘ಕುಂಡ್ರು’ ಆದಮೇಲೆ ಪ್ರತಿಸಲ ‘ಮಕ್ಕೋ’ ಅಂದಿದ್ದೆ. ಐದನೇ ಸಲಕ್ಕೆ ನಾನು ಬಾಯಿ ತೆರೆಯುವ ಮೊದಲೇ ಮಲಗಿದ್ದಳು. ಇವತ್ತು ಕಲಸಿ ಹೇಳುತ್ತೇನೆ: ಏಳು, ಮಕ್ಕೋ, ಏಳು, ಕುಂಡ್ರು.

ಬಿಸಿಲು ಗೋಡೆ ಇಳಿದಿದೆ. ಕೌದಿಯನ್ನು ಅರ್ಧಕ್ಕೆ ಮಡಚುತ್ತೇನೆ, ನಾಳೆ ಇನ್ನೂ ಸಣ್ಣದಾಗುತ್ತದೆ. ಕುರ್ಚಿಯ ಮೇಲೆ ಕೂತು ಹೇಳಿದೆ, ಕೇಳಿದಳು. ಕುಕ್ಕರುಗಾಲಲ್ಲಿ ಕೂತು ಹೇಳಿದಾಗ ಆಟವೆಂದು ಮುಂಗಾಲು ಚಾಚಿದಳು, ಕಾದೆ, ಕೂತಳು. ಎಲ್ಲ ಸೇರಿ ಹತ್ತು ನಿಮಿಷವೂ ಆಗಿಲ್ಲ, ಆದರೆ ಅವಳು ಆಕಳಿಸಿದ್ದಾಳೆ. ಇನ್ನೊಂದೇ ಸಲ.

ಬೆನ್ನು ತಿರುಗಿಸಿ ನಿಲ್ಲುತ್ತೇನೆ. ಎದುರಿಗೆ ಕಬ್ಬಿನ ಹೊಲ. ಹಿಂದೆ ಅವಳ ಉಸಿರು.

“ಕುಂಡ್ರು.”

ಏನೂ ಕೇಳಿಸುವುದಿಲ್ಲ. ಆಮೇಲೆ ಫರಸಿಯ ಮೇಲೆ ಉಗುರುಗಳ ಟಕಟಕ. ನನ್ನ ಬಲಗಡೆಯಿಂದ ಸುತ್ತಿ, ಎದುರಿಗೆ ಬಂದು, ಮುಖ ನೋಡುತ್ತ, ಕೌದಿಯಿಲ್ಲದ ತಣ್ಣನೆಯ ಕಲ್ಲಿನ ಮೇಲೆ ಬಿಜ್ಲಿ ಕೂರುತ್ತಾಳೆ.

ಕಾಕಾ ಕಟ್ಟೆಯಿಂದ ಇಳಿದು ಬಂದಿದ್ದಾರೆ. “ಕುಂತೈತಿ ಖರೆ. ಜಾಗಾ ಅಷ್ಟ ತಪ್ಪೈತಿ,” ಎಂದು ಮೆಲ್ಲಗೆ ಹೇಳಿ, ಒಂದು ಚೂರಿಗಾಗಿ ನನ್ನ ಮುಂದೆ ಕೈ ಚಾಚುತ್ತಾರೆ, ತಾವೇ ಕೊಡಲೆಂದು.