ಗಜದ ಮೇಲಿನ ಗೀರು

ಬಿಣಗಾದಲ್ಲಿ ಗುಡ್ಡಕ್ಕೂ ಕಡಲಿಗೂ ನಡುವೆ ಜಾಗ ಕಡಿಮೆ. ಅಷ್ಟರಲ್ಲೇ ಹೆದ್ದಾರಿ, ಕಾರ್ಖಾನೆ, ಮನೆ, ಗದ್ದೆ. ನಾನು ಚಿಕ್ಕವನಿದ್ದಾಗ ಭತ್ತ ಹಾಲುಗಟ್ಟುವ ಹೊತ್ತಿಗೆ ಸರಿಯಾಗಿ ಹಂದಿಗಳು ಗುಡ್ಡ ಇಳಿಯುತ್ತಿದ್ದವು. ಬೆಳೆ ಕಾಯಲೆಂದು ಲೈಸೆನ್ಸ್ ಪಡೆದ ಕೇಪಿನ ಕೋವಿ ಹಿಡಿದು ಅಜ್ಜ ಮಾಳದಲ್ಲಿ ಕೂರುತ್ತಿದ್ದ. ಹೆಚ್ಚಿನ ಸಲ ಸದ್ದಿಗೇ ಹಂದಿಗಳು ಓಡುತ್ತಿದ್ದವು. ಆದರೂ ಈಡು ತುಂಬುವುದರಲ್ಲಿ ಅಜ್ಜನಿಗೆ ಉದಾಸೀನವೆಂಬುದಿರಲಿಲ್ಲ.

ಈ ಕೋವಿಗೆ ಎಲ್ಲವನ್ನೂ ಬಾಯಿಂದಲೇ ತುಂಬಬೇಕು. ಮೊದಲು ಮದ್ದು, ಮೇಲೆ ತೆಂಗಿನ ನಾರಿನ ಉಂಡೆ, ಆಮೇಲೆ ಗುಂಡು, ಅದು ಉರುಳದಂತೆ ಮತ್ತೆ ನಾರು. ಒಂದೊಂದನ್ನೂ ಗಜದಿಂದ ತಳದವರೆಗೆ ದೂಡಬೇಕು. ಅಜ್ಜ ತಾನೇ ಕೆತ್ತಿದ ಮರದ ಗಜದ ಮೇಲೆ ಚೂರಿಯಿಂದ ಎರಡು ಗೀರು ಹಾಕಿದ್ದ. ಖಾಲಿ ಕೋವಿಗೆ ಗಜ ಇಳಿಸಿದರೆ ಮೇಲಿನ ಗೀರು ಬಾಯಿಗೆ ಸಮ. ಈಡು ಸರಿಯಾಗಿ ಕೂತಿದ್ದರೆ ಕೆಳಗಿನದು ಸಮ. ಕತ್ತಲಲ್ಲೂ ಹೆಬ್ಬೆರಳಿಗೆ ಗೊತ್ತಾಗುತ್ತಿತ್ತು.

ತೋಟೆಯನ್ನು ತಾವೇ ತುಂಬಿಕೊಳ್ಳುವ ಹೊರದೇಶದ ರೈಫಲ್ ಗುರಿಕಾರರು, ಗುಂಡು ತೋಟೆಯೊಳಗೆ ಎಷ್ಟು ಆಳ ಕೂತಿದೆಯೆಂದು ಅಂಗುಲದ ಸಾವಿರದ ಒಂದು ಪಾಲಿನ ಲೆಕ್ಕದಲ್ಲಿ ಅಳೆಯುತ್ತಾರೆ. ಒಂದೊಂದರ ಆಳ ಒಂದೊಂದು ಬಗೆಯಾದರೆ ಗುರಿ ಚೆದುರಬಹುದು; ಆಳ ತೀರ ಹೆಚ್ಚಾದರೆ ಒಳಗಿನ ಜಾಗ ಕಿರಿದಾಗಿ ಒತ್ತಡ ಏರುತ್ತದೆ. ನಮ್ಮ ಕೋವಿಯ ಭಯ ಇದರ ತಿರುಗಾಮುರುಗಾ. ಗುಂಡು ತಳ ಮುಟ್ಟದೆ ನಡುವೆ ನಿಂತರೆ ನಳಿಗೆ ಉಬ್ಬಬಹುದು, ಒಡೆಯಲೂಬಹುದು.

ಒಂದು ರಾತ್ರಿ ಈಡು ತುಂಬುವ ಕೆಲಸ ನನ್ನ ಪಾಲಿಗೆ ಬಂತು. ಗದ್ದೆಯಂಚಿನಲ್ಲಿ ಸರಸರ ಸದ್ದು. ಗಡಿಬಿಡಿಯಲ್ಲಿ ನಾಲ್ಕು ಸಲ ಕುಟ್ಟಿ ಕೋವಿ ಚಾಚಿದೆ. ಅಜ್ಜ ಹಂದಿಯ ಕಡೆ ನೋಡಲೇ ಇಲ್ಲ. ಗಜ ಇಳಿಸಿ ಗೀರು ಮುಟ್ಟಿದ. ಅದು ಬಾಯಿಂದ ಎರಡು ಬೆರಳು ಮೇಲೆ ನಿಂತಿತ್ತು.

"ತಮಾ, ಕೇಪು ಹಾಕಿಲ್ಲ ಅಲ್ಲ?"

"ಇಲ್ಲ ಅಜ್ಜ."

ಅಷ್ಟರಲ್ಲಿ ಹಂದಿಗಳು ಅರ್ಧ ಗದ್ದೆ ಉತ್ತಿದ್ದವು. ಅಜ್ಜ ಬೈಯಲಿಲ್ಲ. ಲಾಟೀನಿನ ಬೆಳಕಿಗೆ ಎಡಗೈ ಹಿಡಿದ. ಅದರ ಎರಡು ಬೆರಳಿಗೆ ತುದಿಯಿರಲಿಲ್ಲ. ಹುಟ್ಟಿನಿಂದಲೇ ಹಾಗೆಂದು ನಾನು ತಿಳಿದಿದ್ದೆ.

"ನಂಗೂ ಅವತ್ತು ಅವಸರವಿತ್ತು" ಎಂದ.

ಅಜ್ಜ ತೀರಿಕೊಂಡ ಮೇಲೆ ಕೋವಿಯನ್ನು ಠಾಣೆಗೆ ಒಪ್ಪಿಸಿದೆವು. ಗಜ ಬಾಗಿಲ ಮೂಲೆಯಲ್ಲಿ ಉಳಿದಿದೆ. ರಾತ್ರಿ ಗ್ಯಾಸ್ ಆರಿಸಿ ಮಲಗಿದವನು ಮತ್ತೊಮ್ಮೆ ಎದ್ದು ಹೋಗಿ ಮುಟ್ಟಿ ನೋಡಿ ಬರುತ್ತೇನೆ. ಹೆಂಡತಿ ನಗುತ್ತಾಳೆ. ಗೀರಿನ ಕತೆಯನ್ನು ಅವಳಿಗಿನ್ನೂ ಹೇಳಿಲ್ಲ.