ಇನ್ನು ನಾಲ್ಕೇ ಪುಟ

ಈಚೆಗೆ ನಮ್ಮ ಶಾಲೆಗೆ ಹೊಸದಾಗಿ ಬಂದ ಮೇಡಂ ಒಬ್ಬರು ಊಟದ ಬಿಡುವಿನಲ್ಲಿ, "ನಿಮ್ಮ ಮೆಚ್ಚಿನ ಲೇಖಕರು ಯಾರು ಮೇಡಂ?" ಎಂದು ಕೇಳಿದರು. ಕನ್ನಡ ಟೀಚರಲ್ಲವೆ, ತಡವರಿಸದೆ "ಕುವೆಂಪು, ಕಾರಂತ, ಮಾಸ್ತಿ" ಎಂದೆ. ಸುಳ್ಳೇನಲ್ಲ. ಆದರೆ ಆ ಹೊತ್ತಿನಲ್ಲಿ ನನ್ನ ಬ್ಯಾಗಿನೊಳಗೆ, ಒಂಬತ್ತನೇ ತರಗತಿಯ ಟೆಸ್ಟ್ ಪೇಪರುಗಳ ಕೆಳಗೆ ಮುಖ ಅಡಿಯಾಗಿ ಮಲಗಿದ್ದದ್ದು ಸಾಯಿಸುತೆಯವರ ಕಾದಂಬರಿ! ಮೂವತ್ತು ವರ್ಷಗಳಿಂದ ಈ ಪ್ರಶ್ನೆಗೆ ನಾನು ಅರ್ಧ ನಿಜವನ್ನೇ ಹೇಳಿಕೊಂಡು ಬಂದಿದ್ದೇನೆ. ಉಳಿದರ್ಧವನ್ನು ಇಲ್ಲಿ ಹೇಳಿಬಿಡುತ್ತೇನೆ. ನಿಮ್ಮಲ್ಲಿ ಹಲವರ ದಿಂಬಿನ ಕೆಳಗೂ ಇಂಥದೊಂದು ಪುಸ್ತಕ ಇದ್ದೀತೆಂಬ ಧೈರ್ಯ ನನಗೆ.

ಈ ಚಟ ಅಂಟಿದ್ದು ಅಮ್ಮನಿಂದ. ಅರಸೀಕೆರೆಯ ನಮ್ಮ ಮನೆಗೆ ವಾರಕ್ಕೊಮ್ಮೆ 'ಸುಧಾ' ಬರುತ್ತಿತ್ತು. ಎಲ್ಲರೂ ಓದಿ ಮುಗಿಸಿದ ಮೇಲೆ ಅಮ್ಮ ಧಾರಾವಾಹಿಯ ಹಾಳೆಗಳನ್ನು ಜೋಪಾನವಾಗಿ ಬಿಡಿಸಿ ಟ್ರಂಕಿನಲ್ಲಿಡುತ್ತಿದ್ದಳು. ಕತೆ ಮುಗಿದಾಗ ದಬ್ಬಳಕ್ಕೆ ಗೋಣಿದಾರ ಪೋಣಿಸಿ ಹೊಲಿದು, ಹಳೆಯ ಕ್ಯಾಲೆಂಡರಿನ ರಟ್ಟು ಹಾಕಿದರೆ ಪುಸ್ತಕ ಸಿದ್ಧ. ಅದು ನಮ್ಮ ಬೀದಿಯ ಮನೆಮನೆಗೂ ಹೋಗಿ, ಎಣ್ಣೆ ಅರಿಶಿನದ ಕಲೆ ಹೊತ್ತು ತವರಿಗೆ ಮರಳುತ್ತಿತ್ತು. ಎಷ್ಟೋ ಸಲ ಕೊನೆಯ ಕಂತೇ ಇರುತ್ತಿರಲಿಲ್ಲ. ಆಗ ಜಗಲಿಯ ಮೇಲೆ ಹೆಂಗಸರೇ ಸೇರಿ ಕತೆ ಮುಗಿಸುತ್ತಿದ್ದರು, ಒಬ್ಬೊಬ್ಬರದು ಒಂದೊಂದು ಕೊನೆ.

ಬಸ್ ಸ್ಟ್ಯಾಂಡಿನ ಹತ್ತಿರ ಬಾಡಿಗೆಗೆ ಪುಸ್ತಕ ಕೊಡುವ ಲೈಬ್ರರಿ ಇತ್ತು. ದಿನಕ್ಕೆ 25 ಪೈಸೆ. ತರುವವಳು ನಾನು. ಚೀಲದ ತಳದಲ್ಲಿ ಕಾದಂಬರಿ, ಮೇಲೆ ಕೊತ್ತಂಬರಿ ಸೊಪ್ಪು. ಅಪ್ಪನ ಕಣ್ಣಿಗೆ ಬಿದ್ದರೆ, "ಇಂಥವನ್ನೋದಿಯೇ ಹೆಣ್ಣುಮಕ್ಕಳು ಕೆಡೋದು" ಎಂದು ಗುಡುಗುತ್ತಿದ್ದರು. ಅಮ್ಮ ಎದುರು ಮಾತಾಡಿದವಳಲ್ಲ. ಒಳಗೆ ಬಂದು ಒರಳುಕಲ್ಲಿಗೆ, "ಕೆಡೋ ಹಾಗಿದ್ದಿದ್ರೆ ನಾನು ಇಷ್ಟು ಹೊತ್ತಿಗೆ ಕೆಟ್ಟಿರಬೇಕಿತ್ತು" ಎಂದು ಹೇಳುತ್ತಿದ್ದಳು.

ಹಾಗೆ ಕೊತ್ತಂಬರಿಯ ಕೆಳಗೆ ಬಂದದ್ದೇ ತ್ರಿವೇಣಿಯವರ 'ಬೆಳ್ಳಿಮೋಡ'. ತ್ರಿವೇಣಿ 1963ರಲ್ಲಿ ತೀರಿಕೊಂಡಾಗ ಅವರಿಗೆ 35 ಕೂಡ ತುಂಬಿರಲಿಲ್ಲ. ಅಷ್ಟರಲ್ಲೇ 'ಶರಪಂಜರ', 'ಹಣ್ಣೆಲೆ ಚಿಗುರಿದಾಗ', 'ಬೆಕ್ಕಿನ ಕಣ್ಣು' ಎಲ್ಲವನ್ನೂ ಬರೆದಿಟ್ಟಿದ್ದರು. 'ಬೆಳ್ಳಿಮೋಡ' 1967ರಲ್ಲಿ ಪುಟ್ಟಣ್ಣ ಕಣಗಾಲರ ಕೈಯಲ್ಲಿ ಸಿನಿಮಾ ಆಯಿತು, ಕಲ್ಪನಾ ನಾಯಕಿ. ಕತೆ ನಿಮಗೆ ಗೊತ್ತೇ ಇದೆ. ಇಂದಿರಾ ತಂದೆಯ ಆಸ್ತಿಗೆಲ್ಲ ಒಬ್ಬಳೇ ಮಗಳು. ಅವಳನ್ನು ಮದುವೆಯಾಗಬೇಕಾದ ಮೋಹನ ಓದಲು ಅಮೆರಿಕಕ್ಕೆ ಹೋಗುತ್ತಾನೆ. ಇತ್ತ ಅವಳಿಗೊಬ್ಬ ತಮ್ಮ ಹುಟ್ಟುತ್ತಾನೆ, ಆಸ್ತಿಗೆ ವಾರಸುದಾರ ಬಂದ. ಮೋಹನನ ಪ್ರೀತಿ ಬತ್ತಿತು. ಮುಂದೆ ಅವನು ಕಾಲು ಮುರಿದುಕೊಂಡು ಮಲಗಿದಾಗ ಸೇವೆ ಮಾಡುವವಳು ಅವಳೇ. ಅವಳ ಗುಣ ಕಂಡು ಮನಸ್ಸು ತಿರುಗಿ ಅವನು ಕೇಳಿದಾಗ, ಇಂದಿರಾ ಒಪ್ಪುವುದಿಲ್ಲ. ಹದಿನಾರರ ನನಗೆ ತುಂಬ ಸಿಟ್ಟು ಬಂದಿತ್ತು. ಒಪ್ಪಿಕೊಂಡಿದ್ದರೆ ಇವಳ ಗಂಟೇನು ಹೋಗುತ್ತಿತ್ತು? ಅಮ್ಮನನ್ನು ಕೇಳಿದೆ. "ಇರಲಿ ಬಿಡೆ, ಅವಳ ಇಷ್ಟ" ಎಂದು ಅಕ್ಕಿ ಆರಿಸುತ್ತ ಕೂತಳು.

ಆ ಮಾತು ಅರ್ಥವಾಗಿದ್ದು 1993ರಲ್ಲಿ. ನನಗೆ ಬಿ.ಎಡ್. ಮುಗಿದು ಕೆಲಸ ಸಿಕ್ಕಿತ್ತು. ಬ್ಯಾಂಕಿನಲ್ಲಿದ್ದ ಹುಡುಗ, ನೋಡಿದರು, ಒಪ್ಪಿದರು, ತಾಂಬೂಲವೂ ಬದಲಾಯಿತು. ನನ್ನ ಹಿಂದೆ ಇನ್ನಿಬ್ಬರು ತಂಗಿಯರಿದ್ದಾರೆ, ಅಪ್ಪ ಸ್ಕೂಟರ್ ಕೊಡಿಸಲಾರರು ಎಂದು ತಿಳಿದ ಮೇಲೆ ಅವರಿಂದ ಕಾಗದವೇ ಇಲ್ಲ. ಎಂಟು ತಿಂಗಳ ಮೇಲೆ, ಇನ್ನೆಲ್ಲೋ ಕೂಡಿದ್ದ ಸಂಬಂಧ ಮುರಿದು, ಏನೂ ಆಗಿಲ್ಲವೆಂಬಂತೆ ಹಣ್ಣಿನ ಬುಟ್ಟಿ ಹಿಡಿದು ಬಂದರು. ಅಪ್ಪನ ಮುಖ ಅರಳಿತು. ನಾನು ಕಾಫಿ ಲೋಟಗಳನ್ನು ಕೆಳಗಿಟ್ಟು, "ನನಗೆ ಬೇಡಪ್ಪ" ಎಂದೆ. ಧ್ವನಿ ನನ್ನದೇ ಎಂದು ನನಗೇ ನಂಬಿಕೆಯಾಗಲಿಲ್ಲ. ಅಪ್ಪ ಎದ್ದು ನಿಂತರು. ಆಗ ಅಡುಗೆಮನೆಯ ಬಾಗಿಲಿನಿಂದ, ಮದುವೆಯಾಗಿ ಇಪ್ಪತ್ತೇಳು ವರ್ಷಗಳಲ್ಲಿ ಮೊದಲ ಸಲ, ಅಮ್ಮ ನಾಲ್ಕು ಜನರೆದುರು ಮಾತಾಡಿದಳು. "ಅವಳಿಗೆ ಬೇಡವಂತೆ. ಬಿಟ್ಟುಬಿಡಿ." ಅಷ್ಟೇ. ನಾವಿಬ್ಬರೂ ಅದೇ ಪುಸ್ತಕ ಓದಿದವರು, ಮತ್ತೇನು ಹೇಳಬೇಕಿತ್ತು?

ಇವೆಲ್ಲ 'ಅಡುಗೆಮನೆ ಸಾಹಿತ್ಯ' ಎಂದು ದೊಡ್ಡವರು ಮೂಗು ಮುರಿದದ್ದು ನನಗೆ ಗೊತ್ತು. ದೋಷವಿಲ್ಲವೆಂದು ವಾದಿಸುವುದಿಲ್ಲ. ನಾಯಕಿ ಬೆಳ್ಳಗೇ ಇರಬೇಕು, ಜಡೆ ಮೊಣಕಾಲು ಮುಟ್ಟಬೇಕು. ನಾಯಕ ಸಿಡುಕನಾದಷ್ಟೂ ಪ್ರೀತಿ ಹೆಚ್ಚಂತೆ! ಹಾಗೆ ನಂಬಿ ಮೋಸಹೋದವರನ್ನೂ ಕಂಡಿದ್ದೇನೆ. ಆದರೆ ಸೀರೆಯ ಬಣ್ಣವನ್ನೂ ತಾನೇ ಆರಿಸಲಾಗದ ಮನೆಗಳಲ್ಲಿ, ಬೇಕು ಬೇಡಗಳನ್ನು ಮನಸ್ಸಿನಲ್ಲಾದರೂ ಆಡಿ ನೋಡಲು ಹುಡುಗಿಯರಿಗೆ ಸಿಕ್ಕ ಜಾಗ ಆ ಪುಟಗಳಲ್ಲಿತ್ತು.

ಈಗ ಆ ಲೈಬ್ರರಿ ಇದ್ದಲ್ಲಿ ಮೊಬೈಲ್ ಅಂಗಡಿ ಇದೆ. ಕಂತಿಗಾಗಿ ಕಾಯಿಸುವ ಕೆಲಸವನ್ನು ಟಿ.ವಿ. ವಹಿಸಿಕೊಂಡಿದೆ. 1998ರಲ್ಲಿ ದೂರದರ್ಶನದ 'ಮಾಯಾಮೃಗ'ದ ಹೊತ್ತಿಗೆ ಒಲೆಯ ಮೇಲಿನ ಹಾಲು ಉಕ್ಕಿದ್ದು ನಮ್ಮ ಮನೆಯೊಂದರಲ್ಲೇ ಅಲ್ಲ. 2020ರಲ್ಲಿ 'ಕನ್ನಡತಿ' ಬಂತು. ನಾಯಕಿ ಭುವನೇಶ್ವರಿ ಕನ್ನಡ ಕಲಿಸುವವಳು! ಕನ್ನಡ ಮೇಡಂ ಒಬ್ಬಳನ್ನು ಯಾರಾದರೂ ಹಾಗೆ ಪ್ರೀತಿಸಿಯಾರೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಕಂತಿನ ಕೊನೆಗೆ ಕನ್ನಡ ಪದಗಳ ಸರಿಯಾದ ಬಳಕೆಯನ್ನೂ ಹೇಳಿಕೊಡುತ್ತಿದ್ದರು. ಅದನ್ನೇ ನೆವ ಮಾಡಿಕೊಂಡು, "ಪಾಠಕ್ಕೆ ಬೇಕಾಗುತ್ತೆ" ಎಂದು ಎದುರಿಗೇ ಕೂತೆ. ನಮ್ಮವರು ಪೇಪರು ಓದುವವರಂತೆ ಪಕ್ಕದಲ್ಲೇ ಕೂತಿರುತ್ತಿದ್ದರು. ಲಾಕ್‌ಡೌನಿನಲ್ಲಿ ಚಿತ್ರೀಕರಣ ನಿಂತು ಹೊಸ ಕಂತುಗಳು ಬಾರದಾದಾಗ ಮೊದಲು ಗೊಣಗಿದವರು ಅವರೇ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ತಪ್ಪನ್ನೂ ಹೇಳಬೇಕು. 2006. ಹತ್ತನೇ ತರಗತಿಗೆ ಹಳಗನ್ನಡ ಪದ್ಯ ಬಿಡಿಸಿ ಹೇಳುತ್ತಿದ್ದೆ. ಮೂರನೇ ಬೆಂಚಿನ ಹುಡುಗಿಯ ತಲೆ ಏಳುತ್ತಲೇ ಇಲ್ಲ. ಹೋಗಿ ನೋಡಿದರೆ ತೊಡೆಯ ಮೇಲೆ ಕಾದಂಬರಿ. ರಟ್ಟು ಕಳಚಿ ಹೆಸರೂ ಹೋಗಿತ್ತು. ಕಿತ್ತುಕೊಂಡೆ. "ಮಿಸ್, ಇನ್ನು ನಾಲ್ಕೇ ಪುಟ ಇದೆ ಮಿಸ್" ಎಂದಳು. ಇಡೀ ತರಗತಿ ನಕ್ಕಿತು. "ಇಂಥವನ್ನೋದಿಯೇ ಹೆಣ್ಣುಮಕ್ಕಳು ಕೆಡೋದು" ಎಂದೆ. ಅಪ್ಪನ ಮಾತು, ಒಂದಕ್ಷರ ಬದಲಿಲ್ಲದೆ ನನ್ನ ಬಾಯಲ್ಲಿ. ಪರೀಕ್ಷೆ ಮುಗಿದ ಮೇಲೆ ಕೊಡೋಣವೆಂದು ಬೀರುವಿನಲ್ಲಿಟ್ಟೆ. ಇಡುವ ಮೊದಲು ಅದೇ ರಾತ್ರಿ ಮನೆಗೊಯ್ದು ಓದಿ ಮುಗಿಸಿದ್ದೆನೆಂಬುದನ್ನೂ ಹೇಳಿಬಿಡುತ್ತೇನೆ. ಪರೀಕ್ಷೆ ಮುಗಿಯಿತು, ಹುಡುಗಿ ಹೋದಳು, ಪುಸ್ತಕ ಉಳಿಯಿತು.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಕೆಲವು ತಿಂಗಳ ಮೇಲೆ ಹಾಸನದ ಬಸ್ಸು ಹತ್ತಿದ್ದೆ. ಆಧಾರ್ ಕಾರ್ಡ್ ತೋರಿಸಿದೆ. ಸೊನ್ನೆ ರೂಪಾಯಿ ಟಿಕೆಟ್ಟು ಹರಿದು ಕೊಟ್ಟ ಕಂಡಕ್ಟರ್ ಹೆಸರು ನೋಡಿ, "ಮಿಸ್!" ಎಂದಳು. ಅವಳೇ. ಎಲ್ಲರಿಗೂ ಟಿಕೆಟ್ ಕೊಟ್ಟು ಬಂದು ಪಕ್ಕದಲ್ಲಿ ಕೂತಳು. ಗಂಡ, ಮಗ, ಡ್ಯೂಟಿ ಎಲ್ಲ ಹೇಳಿಕೊಂಡಳು. ನಾನೇ ಪುಸ್ತಕದ ಮಾತು ತೆಗೆದೆ. "ಅಯ್ಯೋ ಬಿಡಿ ಮಿಸ್" ಎಂದು ನಕ್ಕಳು. ಆಮೇಲೆ ಕಿಟಕಿ ಕಡೆ ನೋಡುತ್ತ, "ಅದು ಲೈಬ್ರರೀದು. ಮೂವತ್ತು ರೂಪಾಯಿ ಕಟ್ಟಿಸಿಕೊಂಡ್ರು. ಅಮ್ಮ ಹುಣಸೆಹಣ್ಣು ಬಿಡಿಸಿದ ಕೂಲಿ. ಆಮೇಲೆ ನಾನು ಆ ಕಡೆ ಹೋಗಲೇ ಇಲ್ಲ" ಎಂದಳು.

ನನಗೆ ಮಾತು ಹೊರಡಲಿಲ್ಲ. ಆ ರಾತ್ರಿ ನಾನದನ್ನು ಓದಿದ್ದೆನೆಂದು ಮೆಲ್ಲಗೆ ಒಪ್ಪಿಕೊಂಡೆ. "ನೀವಾ?" ಎಂದು ಅವಳು ನಕ್ಕ ರಭಸಕ್ಕೆ ಡ್ರೈವರ್ ಕನ್ನಡಿಯಲ್ಲಿ ನೋಡಿದ. "ಹಾಗಾದ್ರೆ ಹೇಳಿ ಮಿಸ್, ಕೊನೆಗೆ ಇಬ್ರೂ ಒಂದಾದ್ರಾ?" ಎಷ್ಟು ನೆನೆದರೂ ನೆನಪಾಗಲಿಲ್ಲ. ಅವಳಿಗೆ ತಪ್ಪಿಸಿದ ನಾಲ್ಕು ಪುಟವನ್ನು ನಾನೂ ಉಳಿಸಿಕೊಂಡಿರಲಿಲ್ಲ.

ಮಾರನೆಯ ವಾರ ಬೀರುವಿನ ತಳದಿಂದ ಪುಸ್ತಕ ಹುಡುಕಿ, ಬಿಟ್ಟುಹೋದ ಹಾಳೆಗಳನ್ನು ಅಮ್ಮನ ಹಾಗೇ ದಬ್ಬಳ ಹಾಕಿ ಹೊಲಿದು, ಕ್ಯಾಲೆಂಡರಿನ ರಟ್ಟು ಕಟ್ಟಿ ಬಸ್ ಸ್ಟ್ಯಾಂಡಿಗೆ ಒಯ್ದೆ. ಒಳಗಿಟ್ಟಿದ್ದ ಮೂವತ್ತು ರೂಪಾಯಿಯನ್ನು ಅವಳು ವಾಪಸು ನನ್ನ ಕೈಗೆ ತುರುಕಿದಳು. "ಕೊನೇ ನಾಲ್ಕು ಪುಟ ಈಗಲೇ ಓದಿಬಿಡು" ಎಂದೆ.

"ಇಲ್ಲ ಮಿಸ್, ಎಲ್ಲ ಮರೆತುಹೋಗಿದೆ. ಮೊದಲಿಂದ ಓದ್ತೀನಿ" ಎಂದು ಪುಸ್ತಕವನ್ನು ಟಿಕೆಟ್ ಮೆಷಿನ್ನಿನ ಚೀಲದೊಳಗಿಟ್ಟು, ಸೀಟಿ ಊದಿದಳು.