ಮೂರು ಸಾಲು, ನರೇಶನ್ ಬೇಡ
ಸಣ್ಣ ಸಾಲು ಸರಣಿ, ಪೋಸ್ಟ್ 6

ಹೈಕು ಅಂದ್ರೆ ನಿಮಗೆ ಏನು ನೆನಪಾಗುತ್ತೆ? ಕಪ್ಪೆ, ಕೊಳ, ಚೆರ್ರಿ ಹೂವು, ಧ್ಯಾನಕ್ಕೆ ಕೂತ ಅಜ್ಜ? ಇವತ್ತಿನ ಪೋಸ್ಟ್ ಆ ಅಜ್ಜನ ಬಗ್ಗೆ ಅಲ್ಲ. ನಮಗಿಂತ ಮೂರ್ನಾಲ್ಕು ವರ್ಷ ಚಿಕ್ಕವರ ಬಗ್ಗೆ.

ಜಪಾನಿನಲ್ಲಿ ಮತ್ಸುಯಾಮಾ ಅಂತ ಒಂದು ಊರಿದೆ. ಹೊಸಗಾಲದ ಹೈಕುವಿಗೆ ದಾರಿ ಮಾಡಿಕೊಟ್ಟ ಮಸಾವೊಕಾ ಶಿಕಿ 1867ರಲ್ಲಿ ಹುಟ್ಟಿದ್ದು ಅಲ್ಲೇ. ಅದೇ ಊರಲ್ಲಿ 1998ರಿಂದ ಹೈಸ್ಕೂಲ್ ಹುಡುಗ ಹುಡುಗಿಯರಿಗೆ 'ಹೈಕು ಕೋಶಿಯೆನ್' ನಡೆಯುತ್ತೆ. ಕೋಶಿಯೆನ್ ಅನ್ನೋದು ಅಲ್ಲಿ ಹೈಸ್ಕೂಲ್ ಬೇಸ್‌ಬಾಲ್ ನಡೆಯೋ ಸ್ಟೇಡಿಯಂ ಹೆಸರು. ಅಂದ್ರೆ ಇವರು ಹೈಕುವನ್ನೂ ಮ್ಯಾಚ್ ಥರ ಆಡ್ತಾರೆ! ಟೀಮಿಗೆ ಐದು ಜನ. ಒಂದು ಕಡೆ ಕೆಂಪು, ಇನ್ನೊಂದು ಕಡೆ ಬಿಳಿ. ಹೈಕು ಓದಿದ ಮೇಲೆ ಎದುರಿನ ಟೀಮು ಪ್ರಶ್ನೆ ಕೇಳುತ್ತೆ, ಬರೆದ ಟೀಮು ಉತ್ತರ ಕೊಡಬೇಕು. ಕೊನೆಗೆ ಜಡ್ಜ್‌ಗಳು ಬಾವುಟ ಎತ್ತುತ್ತಾರೆ.

ಇನ್ನೊಂದು ಕೇಳಿ. ಇತೊ ಎನ್ ಅನ್ನೋ ಟೀ ಕಂಪನಿ 1989ರಿಂದ ಹೈಕು ಸ್ಪರ್ಧೆ ನಡೆಸ್ತಿದೆ. ಶಾಲಾ ಮಕ್ಕಳಿಗೇ ಬೇರೆ ವಿಭಾಗಗಳಿವೆ. ಗೆದ್ದ ಹೈಕು ಎಲ್ಲಿ ಅಚ್ಚಾಗುತ್ತೆ ಗೊತ್ತಾ? ಟೀ ಬಾಟಲಿ ಮೇಲೆ. ಯಾರೋ ಒಬ್ಬ ಹೈಸ್ಕೂಲ್ ಹುಡುಗಿ ಬರೆದದ್ದನ್ನ ರೈಲಿಗೆ ಕಾಯ್ತಾ ನಿಂತವರು ಟೀ ಕುಡಿತಾ ಓದ್ತಾರೆ.

ಈಗ ಹೈಕು ಮತ್ತು ಸೆನ್ರ್ಯು. ಎರಡರ ಅಳತೆಯೂ ಒಂದೇ, 5-7-5. ಹೈಕುವಿನಲ್ಲಿ ಸಾಮಾನ್ಯವಾಗಿ ಋತು ಹೇಳೋ ಒಂದು ಪದ ಇರುತ್ತೆ, ಅದಕ್ಕೆ 'ಕಿಗೊ' ಅಂತಾರೆ. ಸೆನ್ರ್ಯುಗೆ ಅದು ಬೇಕಿಲ್ಲ. ಅದರ ವಿಷಯ ಮನುಷ್ಯರು: ನಮ್ಮ ಪೆದ್ದುತನ, ಜಂಬ, ಹೊಟ್ಟೆಕಿಚ್ಚು. ಎದೋ ಪಟ್ಟಣದಲ್ಲಿ, ಅಂದ್ರೆ ಈಗಿನ ಟೋಕಿಯೋದಲ್ಲಿ, ಇಂಥ ಪದ್ಯಗಳನ್ನ ಆರಿಸಿ ಬಹುಮಾನ ಕೊಡ್ತಿದ್ದ ಕರಾಯ್ ಸೆನ್ರ್ಯು (1718–1790) ಹೆಸರೇ ಅದಕ್ಕೆ ಉಳ್ಕೊಂಡಿದೆ. ಡುಂಡಿರಾಜ್ ಅವರ ಹನಿಗವನ ಓದಿ ನಕ್ಕವರಿಗೆ ಸೆನ್ರ್ಯು ದೂರದ ನೆಂಟ ಅನ್ಸುತ್ತೆ. ನನ್ನದೊಂದು:

ಕೊನೇ ಬೆಂಚು:
ಡೆಬಿಟ್ ಬರೆಯೋ ಮೊದಲೇ
ಡಬ್ಬಿ ಖಾಲಿ

5-7-5 ಅಂದ್ರೆ ಅಕ್ಷರ ಎಣಿಸೋದಲ್ಲ. ಹೈಸ್ಕೂಲಲ್ಲಿ ಛಂದಸ್ಸಿಗೆ ಪ್ರಸ್ತಾರ ಹಾಕಿದ್ದು ನೆನಪಿದ್ಯಾ? ಅವರ ಲೆಕ್ಕ ನಮ್ಮ ಮಾತ್ರೆಗೆ ತುಂಬಾ ಹತ್ತಿರ. 'ನಿಪ್ಪೊನ್' ಅವರಿಗೆ ನಾಲ್ಕು. ಲಘು ಗುರು ಹಾಕಿ ನೋಡಿ, ನಮಗೂ ನಾಲ್ಕೇ. ಆದ್ರೆ ಕನ್ನಡದಲ್ಲಿ 'ನೆನಪಾಗುತ್ತೆ' ಅನ್ನೋ ಒಂದೇ ಪದಕ್ಕೆ ಏಳು ಮಾತ್ರೆ ಖರ್ಚು! ಅದಕ್ಕೇ ನಾನು ಲೆಕ್ಕ ಬಿಟ್ಟಿದ್ದೀನಿ. ಚಿಕ್ಕದಾಗಿರಬೇಕು ಅನ್ನೋದನ್ನ ಮಾತ್ರ ಇಟ್ಕೊಂಡಿದ್ದೀನಿ.

ನಿಜವಾದ ಕಷ್ಟ ಅಳತೆಯದ್ದಲ್ಲ. ಬಿಕಾಂನವರಿಗೆ ಹೇಳ್ತೀನಿ, ಪ್ರತಿ ಜರ್ನಲ್ ಎಂಟ್ರಿ ಕೆಳಗೆ ನರೇಶನ್ ಬರಿತೀವಲ್ಲ, ಇದು ಇಂಥದ್ದಕ್ಕೆ ಅಂತ? ಹೈಕು ಅಂದ್ರೆ ನರೇಶನ್ ಇಲ್ಲದ ಎಂಟ್ರಿ. 'ಬೇಜಾರು', 'ಒಂಟಿತನ', 'ಮಿಸ್ ಯೂ' ಯಾವುದೂ ಬರೆಯೋ ಹಾಗಿಲ್ಲ. ಕಣ್ಣಿಗೆ ಕಂಡದ್ದನ್ನ ಇಟ್ಟು ಸುಮ್ನಾಗ್ಬೇಕು.

ಇದು ನನಗೆ ಯಾಕೆ ಮುಖ್ಯ ಆಯ್ತು ಅಂದ್ರೆ, ಮಾರ್ಚ್‌ನಲ್ಲಿ ಅಪ್ಪ ಆಟೋ ಮಾರಿದ್ರು. ಅಜ್ಜಿ ಆಪರೇಷನ್‌ಗೆ ಮಾಡಿದ ಸಾಲ ಇತ್ತು. ಈಗ ಬೇರೆಯವರ ಗೂಡ್ಸ್ ಗಾಡಿ ಓಡಿಸ್ತಾರೆ, ರಾತ್ರಿ ಹನ್ನೊಂದಕ್ಕೆ ಬರ್ತಾರೆ. ಕ್ಲಾಸಲ್ಲಿ ಯಾರಿಗೂ ಹೇಳಿರ್ಲಿಲ್ಲ. ಹೇಳಿದ್ರೆ 'ಅಯ್ಯೋ ಪಾಪ' ಅಂತಾರೆ, ಆಮೇಲೆ ನಾನೇ ಅವರನ್ನ ಸಮಾಧಾನ ಮಾಡ್ಬೇಕು. ಡೈರಿಯಲ್ಲಿ ಎರಡು ಪೇಜ್ ಬರೆದು ನೋಡಿದೆ. ಓದಿದ್ರೆ ಸೀರಿಯಲ್ ಡೈಲಾಗ್ ಥರ ಇತ್ತು, ಹರಿದು ಹಾಕಿದೆ. ಜೂನ್‌ನಲ್ಲಿ ಇಷ್ಟು ಬಂತು:

ಮುಂಗಾರಿನ ಮೊದಲ ಮಳೆ
ಆಟೋ ನಿಲ್ತಿದ್ದ ಜಾಗದಲ್ಲಿ
ಎಣ್ಣೆ ಕಲೆ

ಬಸ್ಸಲ್ಲಿ ಫ್ರೆಂಡ್‌ಗೆ ಫೋನ್ ಕೊಟ್ಟೆ, ಓದು ಅಂತ. ಓದಿ ನನ್ನ ಮುಖ ನೋಡಿದ್ಲು. "ಮಾರಿಬಿಟ್ರೇನೇ?" ಅಂದ್ಲು. ಹೂಂ ಅಂದೆ. ಆಮೇಲೆ ಏನೂ ಕೇಳ್ಲಿಲ್ಲ. ಅವಳ ಸ್ಟಾಪ್ ಬಂದ್ರೂ ಇಳೀಲಿಲ್ಲ, ನನ್ನ ಸ್ಟಾಪ್‌ವರೆಗೂ ಬಂದ್ಲು.

ನೋಡಿ, ಆ ಮೂರು ಸಾಲಲ್ಲಿ ಅಪ್ಪ ಇಲ್ಲ, ಸಾಲ ಇಲ್ಲ, ಮಾರಿದ್ದು ಅನ್ನೋ ಮಾತೂ ಇಲ್ಲ. ಆದ್ರೂ ತಲುಪಿತು. ಬಿಟ್ಟ ಜಾಗದಲ್ಲಿ ಓದೋರು ಬಂದು ಕೂತ್ಕೊಳ್ತಾರೆ. ನಾನೇ ಎಲ್ಲ ಹೇಳಿ ಮುಗಿಸಿದ್ರೆ ಅವರಿಗೆ ಅಲ್ಲಿ ಕೆಲಸವೇ ಇರಲ್ಲ.

'ನಮ್ಮ ಲೈಫಲ್ಲಿ ಬರೆಯೋಕೆ ಏನಿದೆ?' ಅಂತ ಡಿಎಂ ಮಾಡ್ತೀರಲ್ಲ, ನಿಮಗೇ ಈ ಪೋಸ್ಟ್. ಪಾಸ್ ಮರೆತ ದಿನದ ಕಂಡಕ್ಟರ್ ಮುಖ ಇದೆ. ಹಾಸ್ಟೆಲ್ ಹಗ್ಗದ ಮೇಲೆ ಮೂರು ದಿನದಿಂದ ಒಣಗದ ಸಾಕ್ಸ್ ಇದೆ. ರಿಸಲ್ಟ್ ದಿನ ಅಮ್ಮ ಸುಮ್ನೆ ಹಾಕಿದ ಎರಡನೇ ದೋಸೆ ಇದೆ. ಇದನ್ನೆಲ್ಲ ಬರೆಯೋಕೆ ದೊಡ್ಡ ಕವಿ ಬರಲ್ಲ, ಅವರು ಆ ಬಸ್ಸಲ್ಲಿ ಇರಲಿಲ್ಲ.

ಹೋಮ್‌ವರ್ಕ್: ನಾಳೆ ಬೆಳಿಗ್ಗೆ ಮನೆಯಿಂದ ಕಾಲೇಜಿಗೆ ಬರೋದ್ರೊಳಗೆ ಒಂದೇ ಒಂದು ವಿಷಯ ನೋಡಿ. ಫೋಟೋ ತೆಗೀಬೇಡಿ. ಮೂರು ಸಾಲು ಬರೀರಿ, ಮೂರನೇ ಸಾಲಲ್ಲಿ ನರೇಶನ್ ಬಂದಿದ್ರೆ ಹೊಡೆದು ಹಾಕಿ. ಉಳಿದದ್ದನ್ನ ಕಾಮೆಂಟಲ್ಲಿ ಹಾಕಿ. ಹೆಸರು ಬೇಡ ಅಂದ್ರೆ ಡಿಎಂ ಮಾಡಿ, ಹೆಸರಿಲ್ಲದೇ ಸ್ಟೋರಿಗೆ ಹಾಕ್ತೀನಿ. ಏನಾಯ್ತು, ಯಾಕಾಯ್ತು ಅಂತ ನಾನು ಕೇಳಲ್ಲ.

#ಸಣ್ಣಸಾಲು #ಕನ್ನಡಹೈಕು